ಶೇಂಗಾ ಅಂದರೆ ತೆರೆಯಲಿಲ್ಲ

ನಾನು ಜೀನ್ಸ್ ಪ್ಯಾಂಟು ಹಾಕಿದವಳಲ್ಲ, ಹಾಕುವ ಆಸೆಯೂ ಇಲ್ಲ. ಆದರೆ ರಾಯದುರ್ಗದ ಗಾರ್ಮೆಂಟಿನಲ್ಲಿ ಕೂತು ನಾನು ಹೊಲಿದ ಜೇಬುಗಳು ಎಷ್ಟು ಊರಿನ ಗಂಡಸರ ಹಿಂದೆ ತಿರುಗಾಡುತ್ತಿವೆಯೋ ದೇವರೇ ಬಲ್ಲ. ನಮ್ಮ ಯೂನಿಟ್ಟಿನಲ್ಲಿ ಒಬ್ಬೊಬ್ಬರಿಗೆ ಪ್ಯಾಂಟಿನ ಒಂದೊಂದು ಭಾಗ. ಒಬ್ಬಳು ಸೊಂಟಪಟ್ಟಿ ಕೂರಿಸುತ್ತಾಳೆ, ಇನ್ನೊಬ್ಬಳು ಜಿಪ್ಪು. ನನ್ನ ಪಾಲಿಗೆ ಬಂದದ್ದು ಹಿಂದಿನ ಜೇಬು. ಮದುವೆಯಾಗಿ ಮಡಕಶಿರಾ ಕಡೆಯಿಂದ ಈ ಊರಿಗೆ ಬಂದ ಹೊಸದರಲ್ಲಿ ಹಿಡಿದ ಕೆಲಸ ಅದು. ಮಗಳಿಗೆ ಮದುವೆ ಮಾಡಿ ಕಳಿಸಿದರೂ ಜೇಬು ನನ್ನನ್ನು ಬಿಟ್ಟಿರಲಿಲ್ಲ.

ಆ ಜೇಬಿನ ಮೇಲೆ ದಪ್ಪ ಹಳದಿ ನೂಲಿನ ಗೆರೆಯೊಂದು ಇರುತ್ತದೆ, ನೀವೂ ನೋಡಿರುತ್ತೀರಿ. ಪ್ಯಾಂಟಿನ ಗುರುತೇ ಆ ಗೆರೆ. ನಮ್ಮಲ್ಲಿ ಅದು ಯಾವಾಗಲೂ ಇನ್ಯಾರದೋ ನಕಲು. ಯಾವುದೋ ದೊಡ್ಡ ಕಂಪನಿಯ ಪ್ಯಾಂಟು ತಂದು ಮುಂದಿಡುತ್ತಿದ್ದರು, ಅದನ್ನು ನೋಡಿಕೊಂಡು ಸ್ವಲ್ಪ ಸೊಟ್ಟ ಮಾಡಿ ಹೊಲಿಯಬೇಕು, ಅಷ್ಟೆ. ಒಂದು ದಿನ ನನಗೆ ರೇಗಿತು. ಈ ಸೊಟ್ಟ ಗೆರೆಗಿಂತ ಚೆನ್ನಾಗಿರುವುದನ್ನು ನಾನೇ ಬರೆಯಬಲ್ಲೆ ಅಂದುಬಿಟ್ಟೆ. ಪಕ್ಕದ ಮಷೀನಿನವಳು ನಕ್ಕಳು. ಯಾರಾದರೂ ನಕ್ಕರೆ ನನಗೆ ಹಟ ಬರುತ್ತದೆ, ಅದು ಹುಟ್ಟುಗುಣ.

ಬಿತ್ತನೆಯ ಹೊತ್ತಿಗೆ ತವರಿಗೆ ಹೋದಾಗ ಮಡಕಶಿರಾದಲ್ಲಿ ಒಂದು ಟ್ಯಾಬ್ ಕೊಂಡೆ. ಅಂಗಡಿಯವನೇ ಅಕೌಂಟು ತೆರೆದ, ಪಾಸ್‌ವರ್ಡ್ ಹಾಕಿದ, ಏನೋ ಹೇಳಿದ. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಬೀಗದ ಪಾಸ್‌ವರ್ಡನ್ನು ಮಾತ್ರ ಅವನಿಗೆ ಬಿಡದೆ ನಾನೇ ಅವ್ವನ ಮನೆಯಲ್ಲಿ ಕೂತು ಹಾಕಿಕೊಂಡೆ. ಜೊತೆಗೆ ನನ್ನ ಮುಖವನ್ನೂ ಅದಕ್ಕೆ ಪರಿಚಯ ಮಾಡಿಸಿದೆ. ಅಲ್ಲಿಂದಾಚೆಗೆ ಮುಖ ತೋರಿಸಿದರೆ ಸಾಕು, ತೆರೆದುಕೊಳ್ಳುತ್ತಿತ್ತು. ಹಾಗಾಗಿ ಪಾಸ್‌ವರ್ಡಿನ ಗೊಡವೆಯೇ ನನಗಿರಲಿಲ್ಲ.

ಕೆಲಸ ಮುಗಿದ ಮೇಲೆ ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಬೆರಳಿನಲ್ಲಿ ಗೆರೆ ಬರೆಯುತ್ತಿದ್ದೆ. ನಮ್ಮ ರಾಯದುರ್ಗದ ಕೋಟೆಯ ಗೋಡೆ ಬೆಟ್ಟ ಹತ್ತುವ ರೀತಿ ಒಂದು. ಹಿಪ್ಪುನೇರಳೆ ಎಲೆಯ ಅಂಚು ಇನ್ನೊಂದು. ಭೈರವಾನಿತಿಪ್ಪದ ಡ್ಯಾಮಿನಲ್ಲಿ ಗೇಟು ಎತ್ತಿದಾಗ ನೀರು ಮಡಚಿಕೊಂಡು ಬೀಳುತ್ತದಲ್ಲ, ಅದು ಮತ್ತೊಂದು. ಅಳಿಸುವುದು, ಬರೆಯುವುದು, ಮತ್ತೆ ಅಳಿಸುವುದು. ಸೂಜಿ ಎಲ್ಲಿ ತಿರುಗಬೇಕು, ಎಲ್ಲಿ ತಿರುಗಿದರೆ ನೂಲು ಕಡಿಯುತ್ತದೆ ಎನ್ನುವುದನ್ನೂ ಲೆಕ್ಕ ಹಾಕಿ ಬರೆದ ಗೆರೆಗಳು ಅವು. ನನ್ನ ಗಂಡ ಹತ್ತಿ ಅಂಗಡಿಯಲ್ಲಿ ಹಮಾಲಿ ಮಾಡುತ್ತಾನೆ. ಅವನು ಹಾದುಹೋಗುವಾಗೆಲ್ಲ "ಏನವಾ, ಇನ್ನೂ ಜೇಬು ತುಂಬಲಿಲ್ಲೇನು?" ಅಂತ ಕಾಲೆಳೆಯುತ್ತಿದ್ದ.

ಕೊನೆಗೊಂದು ದಿನ ಧೈರ್ಯ ಮಾಡಿ ಓನರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಸೋಮವಾರ ಬಳ್ಳಾರಿಯಿಂದ ಮಾಲು ತಗೊಳ್ಳೋ ಪಾರ್ಟಿ ಬರ್ತಾರ. ಅವರ ಮುಂದ ಇಡ್ರಿ. ಅವರಿಗೆ ಹಿಡಿಸಿದ್ರ ನೀವು ಮಷೀನ್ ಬಿಟ್ಟು ಡಿಸೈನ್ ಟೇಬಲ್ಲಿಗೆ ಬರ್ರಿ. ಹಿಡಿಸಲಿಲ್ಲಂದ್ರ ಇದೇ ಜೇಬು, ಇದೇ ಸ್ಟೂಲು."

ಅಂದು ಮನೆಗೆ ಬಂದವಳು ಟ್ಯಾಬನ್ನು ಎದೆಗವಚಿಕೊಂಡೇ ಅಡಿಗೆ ಮಾಡಿದೆ ಅಂದರೆ ನಂಬಬೇಕು. ಆ ಖುಷಿಯಲ್ಲಿ ಅದನ್ನು ಚಾರ್ಜಿಗೆ ಹಾಕುವುದು ಮರೆತೆ. ಶನಿವಾರ ಬೆಳಿಗ್ಗೆ ನೋಡಿದರೆ ಪೂರ್ತಿ ಆರಿಹೋಗಿತ್ತು. ಚಾರ್ಜಿಗೆ ಹಾಕಿ, ಹೊತ್ತಿಸಿ, ಎಂದಿನಂತೆ ಮುಖ ತೋರಿಸಿದೆ. ತೆರೆಯಲಿಲ್ಲ. ಆರಿ ಹೊತ್ತಿಕೊಂಡ ಮೇಲೆ ಮುಖ ನಡೆಯುವುದಿಲ್ಲ, ಪಾಸ್‌ವರ್ಡೇ ಬೇಕು ಎಂದು ಬರೆದು ತೋರಿಸಿತು. ಸೆರಗು ಸರಿಮಾಡಿಕೊಂಡು, ಕುಂಕುಮ ತಿದ್ದಿಕೊಂಡು ಮತ್ತೊಮ್ಮೆ ತೋರಿಸಿದೆ. ಅದಕ್ಕೆ ಅದ್ಯಾವುದೂ ಬೇಕಿರಲಿಲ್ಲ.

ಪಾಸ್‌ವರ್ಡ್ ಏನಿಟ್ಟಿದ್ದೆ ಎಂದು ಯೋಚಿಸಿದೆ. ಅವ್ವನ ಮನೆಯ ಪಡಸಾಲೆ ಕಣ್ಣ ಮುಂದೆ ಬಂತು. ಬಿತ್ತನೆ ಬೀಜಕ್ಕೆಂದು ನಾವಿಬ್ಬರೂ ಶೇಂಗಾ ಸುಲಿಯುತ್ತಿದ್ದೆವು. ಮರೆಯದಂಥದ್ದು ಏನಿಡಲಿ ಎಂದು ನೋಡಿ, ಕೈಯಲ್ಲಿದ್ದದ್ದನ್ನೇ ಇಟ್ಟಿದ್ದೆ. ಅದು ಚೆನ್ನಾಗಿ ನೆನಪಿತ್ತು. ಸರಿ, ಇನ್ನೇನು ಎಂದು ಇಂಗ್ಲಿಷ್ ಅಕ್ಷರದಲ್ಲಿ ಶೇಂಗಾ ಎಂದು ಒತ್ತಿದೆ. ತಪ್ಪು ಅಂದಿತು. ಒಂದು ಅಕ್ಷರ ಕೂಡಿಸಿ ಒತ್ತಿದೆ, ಕಳೆದು ಒತ್ತಿದೆ. ತಪ್ಪು. ಗಂಡ ಬಂದು ಇಣುಕಿದ.

"ತೆಲುಗಿನಾಗ ಇಟ್ಟಿರಬೇಕು ನೋಡು. ಸೆನಕ್ಕಾಯ ಅಂತ ಹೊಡಿ."

ಅದನ್ನೂ ಹೊಡೆದೆ. ಅದೂ ತಪ್ಪು. ಅಷ್ಟರಲ್ಲಿ ಟ್ಯಾಬಿಗೂ ಸಿಟ್ಟು ಬಂದಿರಬೇಕು, ಇಷ್ಟು ಹೊತ್ತು ಕಾಯಿರಿ ಅನ್ನಲು ಶುರುಮಾಡಿತು. ಪ್ರತಿ ತಪ್ಪಿಗೂ ಕಾಯುವ ಹೊತ್ತು ಬೆಳೆಯುತ್ತಾ ಹೋಯಿತು. ನನ್ನ ದುಡ್ಡು, ನನ್ನ ಗೆರೆ, ನನ್ನ ಬೀಗ, ನನಗೇ ಹೊರಗೆ ನಿಲ್ಲು ಅನ್ನುತ್ತಿದೆಯಲ್ಲ ಎಂದು ಮೈ ಉರಿಯಿತು.

ಬಸ್‌ಸ್ಟ್ಯಾಂಡಿನ ಬಳಿ ಮೊಬೈಲು ರಿಪೇರಿಯವನ ಹತ್ತಿರ ಓಡಿದೆ. ಅವನು ತಿರುಗಿಸಿ ನೋಡಿ ಹೇಳಿದ. "ತೆಗೀಬೋದ್ರಿ ಅಕ್ಕಾ. ಆದ್ರ ಒಳಗಿಂದೆಲ್ಲಾ ಅಳಿಸಿ ಹೋಗತೈತಿ. ಅಕೌಂಟಿನ ಪಾಸ್‌ವರ್ಡ್ ಆದ್ರೂ ಐತೇನ್ರಿ? ಚಿತ್ರ ಅದರಾಗ ಉಳಿದಿದ್ರ ಉಳಿದಿರಬೋದು."

ಅದೂ ಇರಲಿಲ್ಲ. ಮರೆತಿದ್ದೇನೆ ಎಂದು ಒತ್ತಿದರೆ ಗುಟ್ಟಿನ ನಂಬರು ಗಂಡನ ಹಳೆಯ ಸಿಮ್ಮಿಗೆ ಹೋಗುತ್ತದಂತೆ. ಆ ಸಿಮ್ಮು ಸತ್ತು ಎಷ್ಟೋ ದಿನವಾಗಿತ್ತು. ಅಳಿಸಲಾ ಎಂದು ಅವನು ಕೇಳಿದ. ಟ್ಯಾಬನ್ನು ಅವನ ಕೈಯಿಂದ ಕಿತ್ತುಕೊಂಡು ಬಂದೆ.

ಮನೆಯಲ್ಲಿ ಪೆನ್ಸಿಲ್ಲು ಹಿಡಿದು ಕಾಗದದ ಮೇಲೆ ಬರೆಯಲು ನೋಡಿದೆ. ನೀರು ಮಡಚಿ ಬೀಳುವ ಗೆರೆ ಬರೆಯಲು ಹೋದರೆ ಬಾಗಿಲ ಮುಂದಿನ ರಂಗೋಲಿ ಬಂತು. ಎಷ್ಟೋ ಸಂಜೆ ತಿದ್ದಿ ತಿದ್ದಿ ಬಂದ ಗೆರೆ ಒಂದೇ ಏಟಿಗೆ ಮತ್ತೆ ಬರುವಂಥದ್ದಲ್ಲ. ಆಗ ನಿಜವಾಗಿ ಅಳು ಬಂತು. ಅಕೌಂಟು ತೆರೆದುಕೊಟ್ಟ ಅಂಗಡಿಯವನಿಗಾದರೂ ನೆನಪಿದ್ದೀತು ಎಂದು ಭಾನುವಾರ ಬೆಳಿಗ್ಗೆಯೇ ಮಡಕಶಿರಾಕ್ಕೆ ಹೊರಟೆ.

ಕಲ್ಯಾಣದುರ್ಗದಲ್ಲಿ ಒಂದು ಬಸ್ಸು ಬದಲಿಸಿ, ಪಾವಗಡದಲ್ಲಿ ಇನ್ನೊಂದು ಬದಲಿಸಿ, ಮಡಕಶಿರಾದಲ್ಲಿ ಇಳಿದು ನೋಡಿದರೆ ಅಂಗಡಿಯಿದ್ದ ಜಾಗದಲ್ಲಿ ಕೋಳಿ ಮಾರುತ್ತಿದ್ದರು. ಟ್ಯಾಬಿನವನು ಎಲ್ಲಿ ಎಂದು ಕೇಳಿದೆ. ಯಾವ ಟ್ಯಾಬು, ನಾಟಿ ಬೇಕಾ ಬಾಯ್ಲರ್ ಬೇಕಾ ಅಂದರು. ಬೈಯಲು ಸಹ ಯಾರೂ ಸಿಗಲಿಲ್ಲವಲ್ಲ ಎಂದು ಇನ್ನಷ್ಟು ಸಿಟ್ಟಾಯಿತು. ಇಷ್ಟು ದೂರ ಬಂದು ಅವ್ವನ ಮುಖ ನೋಡದೆ ಹೋಗುವುದು ಹೇಗೆ ಎಂದು ರತ್ನಗಿರಿ ಕಡೆಯ ಆಟೋ ಹತ್ತಿದೆ. ನಮ್ಮೂರು ರತ್ನಗಿರಿ ಕೋಟೆಯ ಗುಡ್ಡದ ಹತ್ತಿರವೇ.

ಅವ್ವ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನವ್ವ, ಹೇಳ್ದೆ ಕೇಳ್ದೆ ಬಂದ್‌ಬುಟ್ಟೆ? ಯಾಕೆ ಮೊಕ ಹಿಂಗ್ ಬಾಡೈತೆ? ಗಂಡ ಏನಾರ ಅಂದ್ನಾ?"

"ಅವನು ಏನಂತಾನೆ ಪಾಪ," ಅಂದು ಎಲ್ಲವನ್ನೂ ಹೇಳಿದೆ. ಅವಳಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಕೈಯಲ್ಲಿದ್ದುದರ ಹೆಸರನ್ನೇ ಬೀಗಕ್ಕೆ ಇಟ್ಟಿದ್ದೆ, ಅದೇ ಹೆಸರು ಹೇಳಿದರೂ ತೆರೆಯುತ್ತಿಲ್ಲ ಎಂದು ಬಿಡಿಸಿ ಹೇಳಿದೆ. ಅವಳು ಒಳಗೆ ಹೋಗಿ ಒಂದು ಕುಕ್ಕೆ ತಂದು ನನ್ನ ಮುಂದೆ ಕುಕ್ಕಿದಳು. ಆಗ ತಾನೇ ಹೊಲದಿಂದ ಕಿತ್ತು ಉಪ್ಪು ಹಾಕಿ ಬೇಯಿಸಿದ್ದು, ಇನ್ನೂ ಹಬೆಯಾಡುತ್ತಿತ್ತು.

"ಅದೇನ್ ಬೀಗನೋ ಏನೋ. ಮೊದ್ಲು ಹೊಟ್ಟೆಗೆ ಹಾಕ್ಕೋ. ಕಳ್ಳೇಕಾಯಿ ಬಿಸಿಬಿಸಿ ಐತೆ, ತಿನ್ನು."

ಬಾಯಿಗೆ ಹಾಕಿಕೊಂಡಿದ್ದನ್ನು ಅಗಿಯದೆ ಹಾಗೇ ಕೂತೆ. ಕಳ್ಳೇಕಾಯಿ. ಆ ಮಾತು ನನ್ನ ಬಾಯಿಂದ ಹೋಗಿ ಎಷ್ಟು ವರ್ಷವಾಯಿತು ಎಂದು ಆಗ ಗೊತ್ತಾಯಿತು. ಮದುವೆಯಾದ ಹೊಸದರಲ್ಲಿ ಅತ್ತೆಮನೆಯಲ್ಲಿ ಹಾಗಂದಿದ್ದಕ್ಕೆ ನಾದಿನಿಯರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. "ಕಳ್ಳರ ಕಾಯಿ ಏನ್ರಿ ವೈನಿ? ನಿಮ್ಮೂರಾಗ ಕದ್ದು ತಿಂತಾರೇನ್ರಿ?" ಅಂದಿದ್ದರು. ಅವತ್ತೇ ಶೇಂಗಾ ಅನ್ನುವುದನ್ನು ಕಲಿತುಬಿಟ್ಟೆ. ಆಮೇಲೆ 'ಯಾಕೆ' ಹೋಗಿ 'ಯಾಕ' ಬಂತು, 'ಬನ್ನಿ' ಅನ್ನುವುದು 'ಬರ್ರಿ' ಆಯಿತು, ನಾನು ಈ ಊರಿನವಳೇ ಎಂದು ಜನ ನಂಬುವಷ್ಟು ನಾಲಗೆ ತಿರುಗಿತು. ಆದರೆ ಮಡಕಶಿರಾದಲ್ಲಿ ಬಸ್ಸಿಳಿದು ಅವ್ವನ ಜೊತೆ ಮಾತಿಗೆ ಕೂತರೆ ನನಗೇ ತಿಳಿಯದಂತೆ ಹಳೆಯ ನಾಲಗೆ ವಾಪಸ್ಸು ಬರುತ್ತದೆ. ಬೀಗ ಹಾಕಿದ್ದು ಆ ನಾಲಗೆ. ತೆಗೆಯಲು ಹೋಗಿದ್ದು ರಾಯದುರ್ಗದ್ದು.

ಕೈ ಒರೆಸಿಕೊಂಡು ಟ್ಯಾಬು ತೆಗೆದೆ. ಅಲ್ಲೂ ಒಂದು ಪೆದ್ದುತನ ಮಾಡಿದೆ. ಬರೆಯುವ ಮಾತೆಂದರೆ ಶುದ್ಧವಾಗಿರಬೇಕಲ್ಲ ಎಂದು ಶಾಲೆಯ ಪಾಠದಲ್ಲಿದ್ದಂತೆ ಕಡಲೆಕಾಯಿ ಎಂದು ಒತ್ತಿದೆ. ತಪ್ಪು ಅಂದಿತು, ಕಾಯಿರಿ ಅಂದಿತು. ಆ ಹೊತ್ತು ಕಳೆಯುವುದರೊಳಗೆ ಕುಕ್ಕೆಯ ಮುಕ್ಕಾಲು ಭಾಗವನ್ನು ನಾನೊಬ್ಬಳೇ ಖಾಲಿ ಮಾಡಿದ್ದೆ.

"ಏನಂತ ಹೊಡೆದ್ಯೇ?" ಅವ್ವ ಕೇಳಿದಳು. ಹೇಳಿದೆ. "ಅಯ್ಯ, ಯಾವಾಗ ಹಂಗಂದಿದ್ದೆ ನೀನು? ನಿಮ್ ಮೇಷ್ಟ್ರೇನು ಇಲ್ಲಿ ಕೂತವ್ರಾ? ನಾವ್ ಅನ್ನಂಗೆ ಹೊಡಿ."

ನಾವು ಅನ್ನುವ ಹಾಗೇ ಹೊಡೆದೆ. ಡ ಇಲ್ಲ, ಇಂಗ್ಲಿಷಿನ ಎರಡು ಎಲ್ಲು, ಕೊನೆಗೆ ಯಿ. ಪರದೆ ಒಂದು ಕ್ಷಣ ಕಪ್ಪಾಗಿ, ತೆರೆದುಕೊಂಡಿತು. ಡ್ಯಾಮಿನ ನೀರು, ಕೋಟೆಯ ಗೋಡೆ, ಎಲೆಯ ಅಂಚು, ಎಲ್ಲವೂ ಬಿಟ್ಟಲ್ಲೇ ಇದ್ದವು. ನಾನು ಅವ್ವನನ್ನು ತಬ್ಬಿಕೊಂಡು ಅವಳ ಕೆನ್ನೆಗೆಲ್ಲ ಉಪ್ಪು ಮೆತ್ತಿದೆ. ಅಷ್ಟು ಸಂತೋಷ ನನಗೆ ಮಗಳು ಹುಟ್ಟಿದಾಗ ಆಗಿತ್ತು, ಅವತ್ತು ಆಯಿತು. ಅವ್ವ ಕೆನ್ನೆ ಒರೆಸಿಕೊಳ್ಳುತ್ತಾ, ಇಷ್ಟಕ್ಕೆ ಅಷ್ಟು ದೂರದಿಂದ ಬಂದ್ಯಾ, ಫೋನ್ ಮಾಡಿದ್ರೆ ನಾನೇ ಹೇಳ್ತಿದ್ನಲ್ಲ ಅಂದಳು.

ಸೋಮವಾರ ಬಳ್ಳಾರಿಯವರು ಬಂದರು. ತೂಕದ ಮನುಷ್ಯ, ಮಾತು ಕಡಿಮೆ. ಒಂದೊಂದೇ ಚಿತ್ರವನ್ನು ಬೆರಳಿನಿಂದ ಸರಿಸುತ್ತಾ ಹೋದರು, ನೀರಿನ ಗೆರೆಯ ಹತ್ತಿರ ನಿಂತರು. ಇದು ಯಾವ ಕಂಪನಿಯ ಕಾಪಿ ಎಂದು ಓನರನ್ನು ಕೇಳಿದರು. ಓನರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ.

"ಕಾಪಿ ಅಲ್ರಿ. ನಾ ಬರೆದಿದ್ದು. ಇನ್ನ ಮ್ಯಾಲೆ ಬೇಕಂದ್ರ ಅವ್ರು ನಂದನ್ನ ಕಾಪಿ ಹೊಡೀಲಿ."

ಯೂನಿಟ್ಟಿನ ಮಷೀನುಗಳೆಲ್ಲ ಒಮ್ಮೆಲೇ ನಿಂತವು. ಆ ಮನುಷ್ಯ ನನ್ನನ್ನು ನೋಡಿ, ಆಮೇಲೆ ನಕ್ಕು, ಈ ಲಾಟು ಪೂರ್ತಿ ಇದೇ ಗೆರೆ ಹಾಕಿ ಅಂದರು. ಓನರು ಒಂದು ಕುರ್ಚಿ ಎಳೆದು ನನ್ನ ಕಡೆ ತಳ್ಳಿದರು. ಬೆನ್ನಿಗೆ ಆನಿಕೆಯಿರುವ ಕುರ್ಚಿ. ಅಲ್ಲಿ ಅಷ್ಟು ವರ್ಷ ದುಡಿದರೂ ಅಂಥದ್ದರ ಮೇಲೆ ನಾನು ಕೂತಿರಲಿಲ್ಲ.

ಇದಾಗಿ ಕೆಲವು ತಿಂಗಳ ಮೇಲೆ ನಾನೂ ಗಂಡನೂ ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಗಂಡಸೊಬ್ಬ ನಮಗೆ ಬೆನ್ನು ಮಾಡಿ, ಬಗ್ಗಿ, ಮೂಟೆ ಎತ್ತುತ್ತಿದ್ದ. ಅವನ ಎರಡೂ ಜೇಬಿನ ಮೇಲೆ ಭೈರವಾನಿತಿಪ್ಪದ ನೀರು ಮಡಚಿಕೊಂಡು ಬೀಳುತ್ತಿತ್ತು. ತಿರುವಿನಲ್ಲಿ ನೂಲು ಒಂಚೂರೂ ಕಡಿದಿರಲಿಲ್ಲ. ನಾನು ಕಣ್ಣು ಮಿಟುಕಿಸದೆ ನೋಡಿದೆ, ಇನ್ನೂ ಹತ್ತಿರ ಹೋಗಿ ನೋಡಿದೆ. ಗಂಡ ನನ್ನ ರಟ್ಟೆ ಹಿಡಿದು ಜಗ್ಗಿದ.

"ಪರಗಂಡಸನ್ನ ಹಂಗ್ಯಾಕ ನೋಡಾಕತ್ತಿ? ಜನ ಏನಂದಾರು?"

"ನಂದನ್ನ ನಾ ನೋಡಾಕತ್ತೀನಿ," ಅಂದೆ, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ.