ಸ್ಟ್ರಾಂಗ್ ಟೀ, ಹೆವಿ ರೇನ್

ನಮ್ಮ ಭಾವನಿಗೆ ಬೀದಿಯವರು ಇಟ್ಟ ಹೆಸರು ಜೋಡಿ ಮೇಷ್ಟ್ರು. ಸೈಕಲ್ ಅಂಗಡಿಯ ಮೇಲಿನ ಟ್ಯುಟೋರಿಯಲ್‌ನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ವ್ಯಾಕರಣವನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಯಾವ ಪದದ ಪಕ್ಕ ಯಾವ ಪದ ಕೂರುತ್ತದೆ, ಅಷ್ಟೇ ಅವರ ಪಾಠ.

“ಟೀ ಸ್ಟ್ರಾಂಗ್, ಮಳೆ ಹೆವಿ. ಸ್ಟ್ರಾಂಗ್ ರೇನ್ ಅಂದ್ರೆ ಕೇಳಿದವರು ನಗ್ತಾರೆ. ಯಾಕೆ ಅಂತ ನನ್ನ ಕೇಳ್ಬೇಡಿ. ನಾನೂ ನನ್ನ ಹೆಂಡ್ತೀನೂ ಯಾಕೆ ಜೋಡಿ ಅಂತ ಯಾರಾದ್ರೂ ಕೇಳ್ತಾರಾ?” ಎನ್ನುತ್ತಿದ್ದರು.

ನಾನಂತೂ ಕೇಳುತ್ತಿದ್ದೆ. ಅಕ್ಕ ಮಾತಿನ ಮಲ್ಲಿ. ಈ ಮನುಷ್ಯ ಮನೆಗೆ ಬಂದರೆ ಬಾಯಿಗೆ ಬೀಗ. ಪಾಠದ ವಾಕ್ಯಗಳಿಗೆ ಮಾತ್ರ ಅವರಿಗೆ ಅಕ್ಕನೇ ಬೇಕು. ಪುಸ್ತಕದ ಉದಾಹರಣೆ ತಲೆಗೆ ಹತ್ತುವುದಿಲ್ಲ, ಮನೆಯದ್ದೇ ಆಗಬೇಕು ಎನ್ನುವುದು ಅವರ ಹಠ. ‘ಮೈ ವೈಫ್ ಮೇಕ್ಸ್ ಸ್ಟ್ರಾಂಗ್ ಟೀ.’ ‘ಮೈ ವೈಫ್ ಈಸ್ ಎ ಲೈಟ್ ಸ್ಲೀಪರ್.’ ‘ಐ ಪೇ ಅಟೆನ್ಶನ್ ವೆನ್ ಮೈ ವೈಫ್ ಸ್ಪೀಕ್ಸ್.’ ಈ ಕೊನೆಯದು ಶುದ್ಧ ಸುಳ್ಳು.

ಕಲಿಯುವ ಹುಡುಗಿಯರು ತರಕಾರಿ ಅಂಗಡಿಯಲ್ಲಿ ಸಿಕ್ಕಾಗ ಅಕ್ಕನಿಗೆ ಎಲ್ಲವನ್ನೂ ಒಪ್ಪಿಸುತ್ತಿದ್ದರು. “ಆಂಟಿ, ಇವತ್ತು ಬ್ರಾಡ್ ಸ್ಮೈಲ್ ಪಾಠ. ನಿಮ್ಮ ನಗುವೇ ಬೋರ್ಡ್ ಮೇಲೆ!” ಅಕ್ಕ “ನನ್ನ ಮಾನ ಹರಾಜು ಹಾಕ್ತಾರಲ್ಲೇ” ಎಂದು ಬೈದುಕೊಂಡೇ ಮನೆಗೆ ಬರುತ್ತಿದ್ದಳು. ಮರುದಿನ ಅದೇ ಹೊತ್ತಿಗೆ ಮತ್ತೆ ಅದೇ ಅಂಗಡಿ. ಮನೆಯಲ್ಲಿ ಕೊಳೆಯುವಷ್ಟು ತರಕಾರಿ. ಎದುರಿಗೆ ಒಂದು ದಿನವೂ ಹೊಗಳಿದ ಗಂಡನಲ್ಲ. ಹೊಗಳಿಕೆಯೆಲ್ಲ ಆ ಸುತ್ತು ದಾರಿಯಲ್ಲೇ ಬರಬೇಕಿತ್ತು.

ಟ್ಯುಟೋರಿಯಲ್ ಒಡೆಯ ಅವರದೇ ಹಳೆಯ ಶಿಷ್ಯ. “ಸರ್, ನಿಮ್ಮ ಪಾಠ ಎಲ್ಲಾ ಕಡೆ ಹೋಗ್ಬೇಕು. ಒಂದ್ಸಲ ವಾಯ್ಸ್ ರೆಕಾರ್ಡ್ ಮಾಡ್ಬಿಡೋಣ” ಎಂದ. ಭಾವ ಹಿಗ್ಗಿ ಹೀರೇಕಾಯಿಯಾದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೀದಿಯ ಸದ್ದು ಬಾರದಂತೆ ಕಿಟಕಿಗೆ ಹಾಸಿಗೆ ಒತ್ತಿಟ್ಟ ಕೋಣೆಯಲ್ಲಿ ಕೂತು, ಬೇಸಿಗೆಯಿಡೀ ಗಂಟಲು ಹರಿದುಕೊಂಡರು. ಒಂದು ಜೋಡಿಯನ್ನೂ ಬಿಡಲಿಲ್ಲ. ಧ್ವನಿಗೆ ಯಾಕೆ ಇಸ್ತ್ರಿ ಎಂದು ನಾನು ಕೆಣಕಿದ್ದಕ್ಕೆ ಮುಖ ಊದಿಸಿಕೊಂಡರು.

ಆ ಕೆಲಸ ಮುಗಿದ ವಾರವೇ ತರಗತಿಯ ಬೆಂಚುಗಳು ಮೆಟ್ಟಿಲಿಳಿದವು.

“ಎಲ್ರೂ ಫೋನಲ್ಲೇ ಕಲೀತಾರೆ ಸರ್. ನೀವಿನ್ನು ಆರಾಮಾಗಿರಿ” ಎಂದ ಒಡೆಯ.

“ಯಾರಿಗಾದ್ರೂ ಡೌಟ್ ಬಂದ್ರೆ?”

“ವಾಪಸ್ ಹಾಕ್ಕೊಂಡು ಕೇಳ್ತಾರೆ. ನಿಮ್ಮ ವಾಯ್ಸೇ ಇದ್ಯಲ್ಲ ಸರ್.”

ಕೈಮುಗಿದು ಕಳಿಸಿಕೊಟ್ಟ. ಕತ್ತು ಕೊಯ್ಯುವವರು ಈಗ ಹೀಗೆ ಕೈಮುಗಿದೇ ಕೊಯ್ಯುತ್ತಾರೆ.

ಭಾವ ಈಗ ದಿನವಿಡೀ ಮುಂಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಅಕ್ಕ ಟೀ ತಂದಿಟ್ಟು ನಿಂತೇ ಇರುತ್ತಾಳೆ. “ಹೇಗಿದೆ?” ಎಂದರೆ “ಇದೆ” ಎನ್ನುತ್ತಾರೆ. ತರಕಾರಿ ಅಂಗಡಿಯಲ್ಲಿ ಅವಳಿಗೆ ಏನನ್ನೂ ಒಪ್ಪಿಸುವವರಿಲ್ಲ. ನನಗೆ ಹೊಟ್ಟೆ ಉರಿಯುತ್ತದೆ, ಆ ಒಡೆಯನ ಮೇಲೂ, ಈ ಬಾಯಿಬಿಡದ ಮನುಷ್ಯನ ಮೇಲೂ.

ಮೊನ್ನೆ ಮಧ್ಯಾಹ್ನ ಅಕ್ಕ ನನ್ನ ಫೋನ್ ಕೇಳಿದಳು. “ಇದ್ರಲ್ಲಿ ಇವರ ಪಾಠ ಹಾಕೇ.”

ಹಾಕಿದೆ. ಅಡುಗೆಮನೆಯ ಕಟ್ಟೆಗೆ ಒರಗಿ, ಕಣ್ಣುಮುಚ್ಚಿ ಕೇಳಿದಳು. ‘ಮೈ ವೈಫ್ ಮೇಕ್ಸ್ ಸ್ಟ್ರಾಂಗ್ ಟೀ.’ ಎಷ್ಟೋ ದಿನಗಳ ಮೇಲೆ ಮುಖ ಅರಳಿತು.

“ಇನ್ನೊಂದು ಹಾಕು” ಎಂದಳು. ಒತ್ತಿದೆ. ಯಾವುದೋ ಹೆಣ್ಣುದನಿ ಉಚಿತ ಪಾಠ ಮುಗಿಯಿತು, ಮುಂದಿನದಕ್ಕೆ ಹಣ ಕಟ್ಟಿ ಎಂದಿತು.

“ನನ್ನ ಗಂಡ ನನ್ನ ಬಗ್ಗೆ ಹೇಳಿದ್ದು ಕೇಳೋಕೆ ನಾನು ದುಡ್ಡು ಕೊಡ್ಬೇಕೇನೇ?”

ಮುಂಬಾಗಿಲವರೆಗೂ ಕೇಳುವಂತೆ ಹೇಳಿದಳು. ಕುರ್ಚಿ ಸರಿದ ಸದ್ದಾಯಿತು. ಭಾವ ಒಳಗೆ ಬಂದು ಅಕ್ಕನ ಎದುರು ನಿಂತರು. ಬಾಯಿ ತೆರೆದರು. ಅಕ್ಕ ಕಾದಳು. ನಾನೂ ಕಾದೆ.

“ಟೀ ಇದ್ಯಾ?” ಎಂದರು.

ಅಕ್ಕ ಒಲೆ ಹಚ್ಚಿ ನೀರಿಟ್ಟಳು.