ಎದುರಿಗೆ ಕೂತವರ ಕಣ್ಣು

ಹೋದ ಭಾನುವಾರ ಮಗಳು ಗೋಬಿ ಮಂಚೂರಿ ಮಾಡುತ್ತೇನೆಂದು ವಿನೆಗರ್ ಬಾಟಲಿಯ ಮುಚ್ಚಳ ತೆಗೆದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕುಣಿಗಲ್ಲಿನ ಅಡುಗೆಮನೆಯಲ್ಲಿ ನಿಂತಿದ್ದ ನನಗೆ ಗುಬ್ಬಿ ಬಸ್ ಸ್ಟ್ಯಾಂಡಿನ ಹತ್ತಿರದ ಫೋಟೋ ಸ್ಟುಡಿಯೋ ಕಣ್ಣಿಗೆ ಕಟ್ಟಿತು. ಫೋಟೋ ತೊಳೆಯುವ ಕತ್ತಲೆ ಕೋಣೆಯಿಂದ ಸದಾ ಇದೇ ವಾಸನೆ ಬರುತ್ತಿತ್ತು. ಅದರ ಪಕ್ಕದ ಕೋಣೆಯ ಕಿಟಕಿಯ ಬಳಿ ಟಚಿಂಗ್ ಮೇಷ್ಟ್ರು ಕೂತಿರುತ್ತಿದ್ದರು. ಎದುರಿಗೆ ಒಂದು ಸ್ಟೂಲು...

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಫೋಟೋದಲ್ಲಿ ಮೊಡವೆ, ಕಲೆ ಅಳಿಸಿ, ಹೆಣ್ಣು ಕೊಡುವವರು ಹಿಂದೆ ಸರಿಯದ ಹಾಗೆ ಗಂಡಿನ ಮುಖವನ್ನು ತಿದ್ದುವುದು ಅವರ ಕೆಲಸ. ಆದರೆ ಸುತ್ತಲ ಹಳ್ಳಿಗಳಲ್ಲಿ ಅವರು ಹೆಸರಾಗಿದ್ದು ಇನ್ನೊಂದಕ್ಕೆ. ಆಗ ಎಷ್ಟೋ ಜನ ಬದುಕಿದ್ದಾಗ ಒಂದು ಫೋಟೋ ಕೂಡ ತೆಗೆಸಿಕೊಳ್ಳದೆ ಸಾಯುತ್ತಿದ್ದರು. ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿದ ಮೇಲೆ ಸ್ಟುಡಿಯೋದವರು ಹೋಗಿ ಫೋಟೋ ಹಿಡಿಯುತ್ತಿದ್ದರು. ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಅದೇ ಪಟ. ಅಷ್ಟರೊಳಗೆ ಆ ಪಟದಲ್ಲಿ ಮುಚ್ಚಿದ್ದ ಕಣ್ಣನ್ನು ಮೇಷ್ಟ್ರು ಸಣ್ಣ ಕುಂಚದಿಂದ ತೆರೆಸಿ ಕೊಡುತ್ತಿದ್ದರು.

ಅದಕ್ಕೆ ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಸತ್ತವರ ರಕ್ತಸಂಬಂಧಿಯೊಬ್ಬರು ಆ ಸ್ಟೂಲಿನ ಮೇಲೆ ಅರ್ಧ ಗಂಟೆ ಅಲುಗಾಡದೆ ಕೂರಬೇಕು. ಅವರ ಕಣ್ಣು ನೋಡಿಕೊಂಡು ಇವರು ಸತ್ತವರ ಕಣ್ಣು ಬರೆಯಬೇಕು. ಹಾಗಲವಾಡಿ ಕಡೆಯಿಂದೆಲ್ಲ ಜನ ಬಂದು ಕೂತು ಹೋಗುತ್ತಿದ್ದರು. ಸ್ಟೂಲಿನಿಂದ ಎದ್ದವರು ಒಬ್ಬರೂ ಹಿಂತಿರುಗಿ ಪಟ ನೋಡಿದ್ದನ್ನು ನಾನು ಕಾಣೆ.

ನಾನು ಅಲ್ಲಿಗೆ ಹೋದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ನನ್ನದೊಂದು ಹುಚ್ಚು ಹೊತ್ತುಕೊಂಡು. ದಿನಾ ಬಸ್ಸಿನಲ್ಲಿ ತುಮಕೂರಿಗೆ ಹೋಗಿ ಡಿಗ್ರಿ ಓದುತ್ತಿದ್ದೆ. ಓದುವುದಕ್ಕಿಂತ ಹೆಚ್ಚಾಗಿ ಕಾಮಿಕ್ಸ್ ಬರೆಯುತ್ತಿದ್ದೆ. ಊರಿಗೊಂದು ದಾರಿಯಾದರೆ ಪೋರಿಗೊಂದು ದಾರಿ ಎಂದು ಅಪ್ಪ ಗೊಣಗುತ್ತಿದ್ದರು. ನನ್ನದೇ ಒಬ್ಬ ಸೂಪರ್‌ಹೀರೋ ಇದ್ದ. ಅವನು ಸತ್ತವರ ಕಣ್ಣನ್ನು ಅಂಗೈಯಿಂದ ಮುಚ್ಚಿದರೆ ಸಾಕು, ಅವರ ಬಲವೆಲ್ಲ ಅವನಿಗೆ ಬರುತ್ತಿತ್ತು. ಪೈಲ್ವಾನ ಸತ್ತರೆ ತೋಳಿನ ಬಲ, ಈಜುಗಾರ ಸತ್ತರೆ ಈಜು. ಮಕ್ಕಳ ಪತ್ರಿಕೆಯೊಂದಕ್ಕೆ ಕಳಿಸಿದರೆ ಸಂಪಾದಕರು ವಾಪಸ್ ಕಳಿಸಿದರು. ಸಾವಿನಿಂದ ಬಲ ಪಡೆಯುವವನು ಹೀರೋ ಆಗಲಾರ, ಬೇಕಾದರೆ ಅವನನ್ನು ವಿಲನ್ ಮಾಡಿ ಎಂದು ಚೀಟಿ ಬೇರೆ ಇಟ್ಟಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ತಪ್ಪು ಕಥೆಯದಲ್ಲ, ಹೀರೋನ ಕಣ್ಣು ಸರಿಯಾಗಿ ಬಂದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಕಣ್ಣು ಬರೆಯುವುದನ್ನು ಕಲಿಯಲು ಮೇಷ್ಟ್ರ ಹತ್ತಿರ ಹೋದೆ.

ಎರಡು ಮೂರು ತಿಂಗಳು ಸಂಜೆ ಹೊತ್ತು ಹೋಗಿ ಕಲಿತೆ. ಕಣ್ಣಪಾಪೆಯಲ್ಲಿ ಬೆಳಕಿನ ಚುಕ್ಕಿ ಎಲ್ಲಿಡಬೇಕು ಎಂಬುದಕ್ಕೇ ಒಂದು ವಾರ ಹಿಡಿಯಿತು. ಒಂದು ದಿನ ಧೈರ್ಯ ಮಾಡಿ ನನ್ನ ಕಾಮಿಕ್ಸ್ ತೋರಿಸಿ, ಇಂಥವನು ಹೀರೋ ಆಗಬಾರದಾ ಎಂದು ಕೇಳಿದೆ. ಮೇಷ್ಟ್ರು ದಪ್ಪ ಕನ್ನಡಕವನ್ನು ಹಣೆಗೇರಿಸಿ ಒಂದೊಂದೇ ಪುಟ ನೋಡಿದರು.

“ಸತ್ತೋರು ತಗೋ ಅಂತ ಕೊಟ್ರಾ, ಇಲ್ಲಾ ಇವ್ನೇ ಕಿತ್ಕೊಂಡ್ನಾ?”

“ಕೊಡ್ತಾರೆ ಮೇಷ್ಟ್ರೇ. ನಂಗೆ ನಮ್ಮಮ್ಮ ಕೊಡಲ್ವಾ?” ಅಂದೆ.

ನನಗೆ ಎರಡು ತುಂಬುವ ಮೊದಲೇ ಅಮ್ಮ ಹೋಗಿದ್ದಳು. ಅವಳ ಮುಖ ನನಗೆ ಗೊತ್ತಿದ್ದುದು ನಡುಮನೆಯ ಪಟದಿಂದ ಮಾತ್ರ. ಪರೀಕ್ಷೆಯಿರಲಿ, ಜ್ವರವಿರಲಿ, ಅಪ್ಪನ ಮೇಲೆ ಸಿಟ್ಟಿರಲಿ, ಅದರ ಮುಂದೆ ಹೋಗಿ ನಿಲ್ಲುತ್ತಿದ್ದೆ. ಯಾವ ಮೂಲೆಗೆ ಹೋದರೂ ಆ ಕಣ್ಣು ನನ್ನ ಹಿಂದೆಯೇ ಬರುತ್ತಿತ್ತು. ನನಗೆ ತಾಯಿ ಎಂದರೆ ಆ ನೋಟ, ಅಷ್ಟೇ. ನನ್ನ ಹೀರೋ ಹುಟ್ಟಿದ್ದೇ ಅಲ್ಲಿಂದ.

ಮೇಷ್ಟ್ರು ಕುಂಚ ಕೆಳಗಿಟ್ಟರು. ನಾನು ಯಾರ ಮಗಳೆಂದು ಮೊದಲ ದಿನವೇ ಗುರುತು ಹಿಡಿದಿದ್ದರಂತೆ, ಹೇಳಿರಲಿಲ್ಲ.

“ಆ ಪಟ ನಾನೇ ಮಾಡಿದ್ದು ಕಣವ್ವ. ನಿಮ್ ಚಿಕ್ಕಮ್ಮ ಎದುರಿಗ್ ಕೂತಿದ್ರು. ಅತ್ತೂ ಅತ್ತೂ ಕಣ್ಣು ಊದ್ಕೊಂಡಿತ್ತು, ಆಗ್ಲಿಲ್ಲ. ಕೊನೆಗೆ ನಿಮ್ಮಪ್ಪ ನಿನ್ನ ತೊಡೆ ಮೇಲ್ ಕೂರಿಸ್ಕೊಂಡ್ರು. ಅದು ನಿನ್ ಕಣ್ಣು.”

ಹಣೆಗೇರಿಸಿದ್ದ ಕನ್ನಡಕವನ್ನು ಕೆಳಗಿಳಿಸಿ ಮತ್ತೆ ಹೇಳಿದರು. “ನೀನ್ ಅರ್ಧ ಗಂಟೆ ರೆಪ್ಪೆ ಹೊಡೀದಂಗೆ ನೋಡ್ತಿದ್ದೆ. ನನ್ನಲ್ಲ... ನನ್ ಹಿಂದ್ಗಡೆ. ಆಮೇಲೆ ನೀನ್ ನಕ್ಕೆ. ನನ್ ಹಿಂದೆ ಬರೀ ಗೋಡೆ ಇರೋದು. ನಾನ್ ತಿರುಗಿ ನೋಡ್ಲಿಲ್ಲ ಕಣವ್ವ. ಆ ನೋಟನೇ ಹಂಗೇ ಪಟಕ್ಕೆ ಇಳಿಸ್ದೆ.”

ಮನೆಗೆ ಬಂದು ಕೈಗನ್ನಡಿ ಹಿಡಿದು ಪಟದ ಪಕ್ಕ ನಿಂತೆ. ಕಣ್ಣುಗಳನ್ನಷ್ಟೇ ಬಿಟ್ಟು ಉಳಿದ ಮುಖವನ್ನು ಸೆರಗಿನಿಂದ ಮುಚ್ಚಿಕೊಂಡೆ. ಕನ್ನಡಿಯಲ್ಲಿ ಒಂದು ಜೊತೆ, ಗೋಡೆಯಲ್ಲಿ ಒಂದು ಜೊತೆ, ಎರಡೂ ಒಂದೇ. ಹೆತ್ತವಳನ್ನು ಎರಡನೇ ಸಲ ಕಿತ್ತುಕೊಂಡರಲ್ಲ ಎಂದು ಮೇಷ್ಟ್ರ ಮೇಲೆ ಕೆಂಡದಂಥ ಕೋಪ ಬಂತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅವತ್ತು ಆ ಗೋಡೆಯ ಹತ್ತಿರ ನಾನು ಕಂಡದ್ದು ಯಾರನ್ನು? ಆಮೇಲೆ ಎಷ್ಟೋ ದಿನ ನಡುಮನೆ ದಾಟುವಾಗ ತಲೆ ತಗ್ಗಿಸಿಕೊಂಡೇ ಹೋಗುತ್ತಿದ್ದೆ.

ಮದುವೆ ಗೊತ್ತಾದ ಮೇಲೆ ಲಗ್ನಪತ್ರಿಕೆ ಕೊಡಲು ಸ್ಟುಡಿಯೋಗೆ ಹೋದೆ. ಮೇಷ್ಟ್ರಿಗೆ ಹೆಂಡತಿ ಮಕ್ಕಳು ಇರಲಿಲ್ಲ. ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಮಡಿಸಿ ಜೇಬಿನಲ್ಲಿಟ್ಟುಕೊಂಡು, ತಲೆ ಎತ್ತದೆ ಕೇಳಿದರು.

“ನಾನ್ ಸತ್ರೆ, ನನ್ ಪಟಕ್ಕೆ ನೀನ್ ಬಂದು ಎದುರಿಗ್ ಕೂತ್ಕೋತೀಯಾ?”

ರಕ್ತಸಂಬಂಧ ಬೇಕಲ್ಲ ಎಂದೆ. ತಮ್ಮ ಕೈಯಲ್ಲಿ ಕಲಿತವಳಾದರೆ ಸಾಕು ಎಂದರು. “ಇನ್ನೂ ನೂರ್ ವರ್ಷ ಇರ್ತೀರ ಬುಡಿ ಮೇಷ್ಟ್ರೇ” ಎಂದು ನಕ್ಕು ಜಾರಿಕೊಂಡೆ. ಅವರೂ ನಕ್ಕರು. ಹೂಂ ಎಂದೂ ಹೇಳಲಿಲ್ಲ, ಊಹೂಂ ಎಂದೂ ಹೇಳಲಿಲ್ಲ ನಾನು...

ಏಳೆಂಟು ವರ್ಷ ಕಳೆದಿರಬೇಕು. ಸ್ಟುಡಿಯೋ ಮಾಲೀಕರು ಕುಣಿಗಲ್ಲಿಗೆ ಫೋನ್ ಮಾಡಿದರು. ಮೇಷ್ಟ್ರು ಹೋಗಿಬಿಟ್ಟರು, ಇರುವುದು ಕಣ್ಣು ಮುಚ್ಚಿದ ಫೋಟೋ ಒಂದೇ, ತುಮಕೂರಿನಿಂದ ಕಲಾವಿದರೊಬ್ಬರನ್ನು ಕರೆಸಿದ್ದೇವೆ, ಎದುರಿಗೆ ಕೂರಲು ನೀವು ಬರುತ್ತೀರೆಂದು ಮೇಷ್ಟ್ರು ಹೇಳಿದ್ದರು ಎಂದರು. ಆ ಸ್ಟೂಲಿನ ಮೇಲೆ ಕೂತರೆ ಮತ್ತೆ ಎದುರಿನ ಗೋಡೆ ನೋಡಬೇಕಲ್ಲ! ಮಗುವಿಗೆ ಜ್ವರ, ಬರಲಾಗುವುದಿಲ್ಲ ಎಂದೆ. ಮಗು ಅಂಗಳದಲ್ಲಿ ಕುಣಿಯುತ್ತಿತ್ತು.

ವಿನೆಗರ್ ವಾಸನೆ ಬಂದ ಮೂರನೆಯ ದಿನ ಗುಬ್ಬಿಗೆ ಹೋದೆ. ಸ್ಟುಡಿಯೋದಲ್ಲಿ ಈಗ ಫ್ಲೆಕ್ಸ್ ಪ್ರಿಂಟ್ ಮಾಡುತ್ತಾರೆ. ಕಂಪ್ಯೂಟರುಗಳ ಮೇಲೆ, ಪ್ಲಾಸ್ಟಿಕ್ ಹಾರ ಹಾಕಿಸಿಕೊಂಡು ಮೇಷ್ಟ್ರ ಪಟ ಇತ್ತು. ನಾನು ಬರುವುದಿಲ್ಲವೆಂದ ಮೇಲೆ ಕಲಾವಿದರನ್ನು ವಾಪಸ್ ಕಳಿಸಿ, ಕಂಪ್ಯೂಟರಿನಲ್ಲೇ ಯಾರದೋ ಕಣ್ಣು ತಂದು ಕೂರಿಸಿದರೆಂದು ಹಿಂದೆಯೇ ಕೇಳಿದ್ದೆ. ಚೆಂದದ ಕಣ್ಣುಗಳು, ಯಾವುದೋ ಜಾಹೀರಾತಿನವು. ಎಡಕ್ಕೆ ಸರಿದು ನೋಡಿದೆ, ಬಲಕ್ಕೆ ಸರಿದು ನೋಡಿದೆ. ಅವು ನನ್ನನ್ನು ನೋಡಲಿಲ್ಲ. ಊರಿನ ಸತ್ತವರಿಗೆಲ್ಲ ನೋಟ ಕೊಟ್ಟ ಮನುಷ್ಯ ಗೋಡೆಯ ಮೇಲಿಂದ ಯಾರನ್ನೂ ನೋಡದೆ ಕೂತಿದ್ದರು. ಅದು ನನ್ನಿಂದಾದದ್ದು.

ಸಾವಿನ ಬಲ ಇರುವವನು ಹೀರೋ ಆಗಬಹುದೇ ಎಂದು ಈಗ ಕೇಳಿದರೆ ಆಗಬಹುದು ಎನ್ನುತ್ತೇನೆ. ಒಬ್ಬರಿದ್ದರು, ದಪ್ಪ ಕನ್ನಡಕ ಹಾಕುತ್ತಿದ್ದರು, ಯಾರಿಂದಲೂ ಏನೂ ಕಿತ್ತುಕೊಳ್ಳಲಿಲ್ಲ. ನಾನು ಬರೆದವನು ಬರೀ ಕಳ್ಳ.

ಹಳೆಯ ಸ್ಟೂಲು ಮೂಲೆಯಲ್ಲಿ ಪೇಪರ್ ಸುರುಳಿಗಳ ಅಡಿಯಲ್ಲಿತ್ತು. ಎಳೆದು ತಂದು ಪಟದ ಎದುರಿಗೆ ಹಾಕಿದೆ.

“ಏನ್ ಬೇಕಿತ್ತಕ್ಕಾ?” ಎಂದು ಕಂಪ್ಯೂಟರಿನ ಹಿಂದಿನಿಂದ ಒಬ್ಬರು ಕೇಳಿದರು.

“ಏನಿಲ್ಲ, ಒಂದರ್ಧ ಗಂಟೆ ಕೂತ್ಕೋತೀನಿ” ಎಂದೆ.

ಬೆನ್ನು ನೆಟ್ಟಗೆ ಮಾಡಿ, ರೆಪ್ಪೆ ಹೊಡೆಯದಂತೆ, ಅವರು ಜನರನ್ನು ಕೂರಿಸುತ್ತಿದ್ದ ಹಾಗೇ ಕೂತೆ. ಕಿಟಕಿಯ ಬೆಳಕು ಸರಿಯಾಗಿಯೇ ಬೀಳುತ್ತಿತ್ತು. ಕುಂಚ ಹಿಡಿದವರು ಮಾತ್ರ ಯಾರೂ ಇರಲಿಲ್ಲ.