ಒಳಬಟ್ಟೆಗೆ ಬಿಸಿಲು ಕೊಡಿಸಿದ ಸರೋಜಕ್ಕ

ಸರೋಜಕ್ಕ ಮಾತಿಗೆ ಮೊದಲು ಬಟ್ಟೆ ಮುಟ್ಟುತ್ತಿದ್ದರು. ಎದುರಿಗಿದ್ದವರ ಸೆರಗನ್ನೋ ತೋಳನ್ನೋ ಎರಡು ಬೆರಳ ನಡುವೆ ತಿಕ್ಕಿ, "ಇದ್ರಾಗ ಗಾಳಿ ಆಡಂಗಿಲ್ಲ" ಎಂದೋ "ಛಲೋ ಅರಿವಿ" ಎಂದೋ ತೀರ್ಪು ಕೊಟ್ಟ ಮೇಲೆಯೇ ಊರು, ಹೆಸರು ಕೇಳುವುದು. ಗದಗಿನವರು. ಗಂಡ ನೌಕಾಪಡೆಯಲ್ಲಿದ್ದರು. ನಾನು ವರ್ಗವಾಗಿ ಗಂಡ, ಪುಟ್ಟ ಮಗಳೊಂದಿಗೆ ಮೈಸೂರಿನಿಂದ ವಿಶಾಖಪಟ್ಟಣಕ್ಕೆ ಬಂದಾಗ ಅವರ ಪಕ್ಕದ ಮನೆಯೇ ಬಾಡಿಗೆಗೆ ಸಿಕ್ಕಿತು.

ಮೊದಲ ಬೇಸಿಗೆಯಲ್ಲೇ ನನಗೆ ತೊಡೆಸಂದಿಯಲ್ಲಿ ತುರಿಕೆ ಹತ್ತಿತು. ಸಮುದ್ರದ ಊರಿನ ಬೆವರು, ದ್ವಾರಕಾ ನಗರದ ಬ್ಯಾಂಕಿನಲ್ಲಿ ದಿನವಿಡೀ ಕುರ್ಚಿ, ಮೇಲೆ ಬಿಗಿಯಾದ ನೈಲಾನ್ ಚಡ್ಡಿ. ಡಾಕ್ಟರ ಹತ್ತಿರ ಹೋಗಲು ನಾಚಿಕೆ. ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತಂದು ಹಚ್ಚುತ್ತಿದ್ದೆ. ಎರಡು ದಿನ ತಣ್ಣಗಿರುತ್ತಿತ್ತು, ಬಿಟ್ಟರೆ ಇನ್ನಷ್ಟು ಹಬ್ಬುತ್ತಿತ್ತು. ಒಂದು ದಿನ ಉಪ್ಪಿಟ್ಟು ತಂದುಕೊಟ್ಟ ಸರೋಜಕ್ಕ, ನಾನು ತಿನ್ನುವುದನ್ನೇ ನೋಡುತ್ತಿದ್ದರು.

"ಯಾಕ ತಂಗೀ, ನಿಂತು ತಿನ್ನಾಕತ್ತೀರಿ? ಕೂಡ್ರಾಕ ಆಗವಲ್ದೇನು?"

ಉತ್ತರಕ್ಕೆ ಕಾಯದೆ ಬಚ್ಚಲಿಗೆ ಹೋದರು. ಟವೆಲ್ಲಿನ ಅಡಿಯಲ್ಲಿ ನಾನು ಅಡಗಿಸಿ ಒಣಹಾಕಿದ್ದ ಚಡ್ಡಿಗಳನ್ನು ಹಿಡಿದುಕೊಂಡು ಬಂದರು. "ಇನ್ನೂ ಹಸಿ ಐತಿ. ಇದನ್ನ ನಾಳೆ ಹಾಕ್ಕೊಂಡು ಹೋಗವರು ನೀವು. ಕಳುವಿನ ಮಾಲೇನಿದು, ಹಿಂಗ ಮುಚ್ಚಿಡಾಕ?"

ಮರುದಿನ ಅವರೇ ಚರ್ಮದ ಡಾಕ್ಟರ ಬಳಿ ಕರೆದೊಯ್ದರು. ಅದು ಶಿಲೀಂಧ್ರದ ಸೋಂಕು, ಟ್ಯೂಬಿನಲ್ಲಿರುವ ಸ್ಟೀರಾಯ್ಡ್‌ನಿಂದಲೇ ಹೀಗೆ ಹಬ್ಬಿದೆ ಎಂದು ಡಾಕ್ಟರು ಬೇರೆ ಔಷಧಿ ಬರೆದರು. ಸರೋಜಕ್ಕ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಸಡಿಲವಾದ ಆರು ಚಡ್ಡಿ ಹೊಲಿದುಕೊಟ್ಟರು. "ಬೆವತ್ರ ಬದಲಸ್ರಿ. ಪೂರಾ ಒಣಗಿದ್ದನ್ನ ಹಾಕ್ಕೋರಿ. ತುರಿಕಿ ನಿಂತ್ರೂ ಡಾಕ್ಟರ್ ಹೇಳೂತನಾ ಗುಳಿಗಿ ಬಿಡಬ್ಯಾಡ್ರಿ." ಎರಡು ತಿಂಗಳಲ್ಲಿ ನಾನು ಎಲ್ಲರಂತೆ ಕುಳಿತು ಊಟ ಮಾಡಿದೆ.

ಭಾನುವಾರಗಳಲ್ಲಿ ಅವರು ಅಚ್ಯುತಾಪುರಂಗೆ ಹೋಗಿ, ಫ್ಯಾಕ್ಟರಿಯ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಹೊಲಿಗೆ ಕಲಿಸುತ್ತಿದ್ದರು. ಒಮ್ಮೆ ನನ್ನನ್ನೂ ಕರೆದೊಯ್ದರು. ಕಿಟಕಿ ಮುಚ್ಚಿದ ಕೋಣೆಗಳು. ಮಂಚಗಳ ಕೆಳಗೆ ಹಗ್ಗ ಕಟ್ಟಿ ಒಣಹಾಕಿದ ಒಳಬಟ್ಟೆಗಳು. ದಪ್ಪ ಸಿಂಥೆಟಿಕ್ ಯೂನಿಫಾರ್ಮಿನೊಳಗೆ ದಿನವಿಡೀ ಬೆವರುವ ಹುಡುಗಿಯರು ಆ ಹಸಿ ಬಟ್ಟೆಯನ್ನೇ ತೊಟ್ಟು ಹೋಗುತ್ತಿದ್ದರು. ಲಕ್ಷ್ಮಿ ಎಂಬವಳು ತುರಿಕೆ ತಾಳಲಾರದೆ ಕೆಲಸ ಬಿಟ್ಟು ಊರಿಗೆ ಹೊರಟಿದ್ದಳು. ತಾರಸಿಗೆ ಬೀಗ.

ಸರೋಜಕ್ಕ ನೇರವಾಗಿ ವಾರ್ಡನ್ ಮುಂದೆ ಹೋಗಿ ನಿಂತರು. ತೆಲುಗಿನ ಪದ ಸಿಗದ ಕಡೆಗೆಲ್ಲ ಗದಗಿನದನ್ನು ಸಿಕ್ಕಿಸಿ ಬೀಗದ ಕೈ ಕೇಳಿದರು.

"ರೋಡ್ ಮೀದ ಮಗಾಳ್ಳು ಚೂಸ್ತಾರು, ಅಮ್ಮಾ," ಎಂದರು ವಾರ್ಡನ್. ರಸ್ತೆಯಲ್ಲಿ ಹೋಗುವ ಗಂಡಸರು ನೋಡುತ್ತಾರಂತೆ.

"ರಸ್ತೆ ಕಡೆ ಒಂದು ಹಳೀ ಸೀರಿ ಕಟ್ಟೋಣು. ಬಿಸಲು ಮ್ಯಾಲಿಂದ ಬರ್ತದ, ರಸ್ತೆಯಿಂದ ಅಲ್ಲ," ಎಂದ ಸರೋಜಕ್ಕ, ಮಂಚದಡಿಯಿಂದ ಎತ್ತಿ ತಂದಿದ್ದ ಲಕ್ಷ್ಮಿಯ ಹಸಿ ಚಡ್ಡಿಯನ್ನು ವಾರ್ಡನ್ ಅಂಗೈಯಲ್ಲಿಟ್ಟರು. "ಇದನ್ನ ನೀವು ಹಾಕ್ಕೋತೀರೇನು?"

ವಾರ್ಡನ್ ಆ ಹಸಿ ಬಟ್ಟೆಯನ್ನು ಬೆರಳಲ್ಲಿ ಒತ್ತಿ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, ತಮ್ಮದೂ ಹೀಗೇ ಒಳಗೇ ಒಣಗುವುದು, ತಮಗೂ ವರ್ಷದಿಂದ ತುರಿಕೆ ಇದೆ ಎಂದು ಹೇಳಿದರು. ಹೇಳಿದವರೇ ಕೋಣೆಗೆ ಹೋಗಿ ಬೀಗದ ಕೈಯನ್ನೂ ತಮ್ಮ ಬಟ್ಟೆಗಳ ಬಕೆಟ್ಟನ್ನೂ ಎತ್ತಿಕೊಂಡು ಎಲ್ಲರಿಗಿಂತ ಮೊದಲು ಮೆಟ್ಟಿಲು ಹತ್ತಿದರು. ಹಿಂದೆಯೇ ನಲವತ್ತು ಹುಡುಗಿಯರು. ಅರ್ಧ ಗಂಟೆಯಲ್ಲಿ ಇಡೀ ತಾರಸಿ ತುಂಬಿತು. ಕಡಲಗಾಳಿಗೆ ಬಣ್ಣಬಣ್ಣದ ಒಳಬಟ್ಟೆಗಳು ಪಟಪಟ ಬಡಿಯುತ್ತಿದ್ದವು, ಹುಡುಗಿಯರು ನಗುತ್ತಿದ್ದರು. ಮುಂದಿನ ವಾರ ಸರೋಜಕ್ಕ ಚರ್ಮದ ಡಾಕ್ಟರನ್ನೇ ಹಾಸ್ಟೆಲಿಗೆ ಕರೆತಂದರು. ಲಕ್ಷ್ಮಿ ಊರಿಗೆ ಹೋಗಲಿಲ್ಲ.

ಕೆಲವು ವರ್ಷಗಳ ಮೇಲೆ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಕಳೆದ ವರ್ಷ ಅವರ ಗಂಡ ನಿವೃತ್ತರಾಗಿ ಇಬ್ಬರೂ ಗದಗಿಗೆ ಹೊರಟಾಗ ಇಲ್ಲಿಯೇ ರೈಲು ಬದಲಿಸಬೇಕಿತ್ತು. ಮಗಳು ಸಿರಿಯನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋದೆ. ಹದಿಮೂರರ ಸಿರಿ ಆಗ ನನ್ನೊಡನೆ ಮಾತಾಡುವುದೇ ಕಡಿಮೆ; ಆಡಿದರೂ ಅರ್ಧ ತೆಲುಗು. ಸರೋಜಕ್ಕ ಅವಳ ಹೆಗಲ ಮೇಲೆ ಕೈಹಾಕಿ ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದರು. ಏನು ಮಾತಾಡಿದರೋ. ರೈಲು ಬಂತು, ಹತ್ತಿದರು, ಕಿಟಕಿಯಿಂದ ಕೈಬೀಸಿದರು.

ಮನೆಗೆ ಹೋಗುವ ಆಟೋದಲ್ಲಿ ಸಿರಿ ಸಲೀಸಾಗಿ ಹೇಳಿದಳು: "ಅಮ್ಮಾ, ನಂಗೆ ತೊಡೆ ಹತ್ರ ದುರದ. ಒಂದ್ ತಿಂಗಳಾಯ್ತು, ತುರಿತಾನೇ ಇದೆ. ಸಾಯಂತ್ರ ಡಾಕ್ಟರ್ ಹತ್ರ ಹೋಗೋಣ. ಆಮೇಲೆ ಕಾಟನ್ ಚಡ್ಡಿ ತಗೋಬೇಕು, ಒಂದ್ ಸೈಜ್ ದೊಡ್ಡದು."

"ಹೋಗೋಣ ಕಣೇ," ಎಂದೆ.

ಸರೋಜಕ್ಕನ ರೈಲು ಇನ್ನೂ ಕೃಷ್ಣೆಯ ಸೇತುವೆ ದಾಟಿರಲಿಕ್ಕಿಲ್ಲ.